ಮೊಬೈಲ್ ಆಂಟೆನಾ ಎದುರಿಗಿರುವ ಸಿಡಿಲು ನಿರೋಧಕದ ದುರಸ್ತಿ: ವಿಕಿರಣದ ಅಪಾಯವೆಷ್ಟು?

ಪ್ರಶ್ನೆ

ನಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿರುವ ಮೊಬೈಲ್ ಟವರಿನ ಒಂದು ಸೆಕ್ಟರ್ ಆಂಟೆನಾಗೆ (ಒಂದು ದಿಕ್ಕಿಗೆ ಪ್ರಸಾರ ಮಾಡುವ ಆಂಟೆನಾ) ನೇರ ಎದುರಾಗಿ, ಎರಡು ಮೀಟರ್ ದೂರದಲ್ಲಿ, ಸಿಡಿಲು ನಿರೋಧಕದ ಕಂಬವಿದೆ. ಸಡಿಲವಾಗಿರುವ ಅದರ ಕ್ಲ್ಯಾಂಪನ್ನು ಮಳೆಗಾಲಕ್ಕೆ ಮೊದಲೇ ಬಿಗಿ ಮಾಡಿಸಬೇಕಾಗಿದೆ. ಹತ್ತುವ ಕೆಲಸಗಾರನಿಗೆ ತೊಂದರೆಯಾಗುವುದೇ? ಆ ಕಂಬದಿಂದ ನೆಲಕ್ಕೆ ಇಳಿಯುವ ತಾಮ್ರದ ಪಟ್ಟಿಯು ವಿಕಿರಣವನ್ನು ಮನೆಗಳೊಳಗೆ ಇಳಿಸುತ್ತದೆ, ಆದ್ದರಿಂದ ಅದನ್ನು ಕಿತ್ತುಹಾಕಿ ಎಂದು ಕೆಲವು ನಿವಾಸಿಗಳು ಪಟ್ಟು ಹಿಡಿದಿದ್ದಾರೆ.

ಉತ್ತರ 1

ದಯವಿಟ್ಟು ಕೀಳಿಸಬೇಡಿ. ಮೊಬೈಲ್ ತರಂಗಗಳು ಆ ಪಟ್ಟಿಯಲ್ಲಿ ಉಂಟುಮಾಡುವ ಅಲ್ಪ ಪ್ರವಾಹದಿಂದ ಮನೆಗಳಿಗೆ ಅಪಾಯವಿಲ್ಲ. ಪಟ್ಟಿ ಇಲ್ಲದ ಕಟ್ಟಡಕ್ಕೆ ಸಿಡಿಲಿನಿಂದ ಇರುವ ಅಪಾಯವಾದರೋ ನಿಜವಾದದ್ದು.

ಕೆಲಸಗಾರನ ವಿಷಯ ಬೇರೆ. 20 ವಾಟ್ ಶಕ್ತಿಯನ್ನು ಆಂಟೆನಾ ಒಂದೇ ದಿಕ್ಕಿಗೆ 50 ಪಟ್ಟು ಕೇಂದ್ರೀಕರಿಸುತ್ತದೆ ಎಂದಿಟ್ಟುಕೊಂಡರೆ, ಐದು ಮೀಟರ್ ಎದುರಿನಲ್ಲಿ ಚದರ ಮೀಟರಿಗೆ ಸುಮಾರು 3.2 ವಾಟ್ ಬೀಳುತ್ತದೆ. 2012ರ ಸೆಪ್ಟೆಂಬರಿನಿಂದ ಭಾರತದಲ್ಲಿ ಜಾರಿಯಲ್ಲಿರುವ ಮಿತಿ, ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗವಾಗಿದ್ದು, 1800 ಮೆಗಾಹರ್ಟ್ಸ್ ಆವರ್ತನದ ತರಂಗಗಳಿಗೆ ಚದರ ಮೀಟರಿಗೆ 0.9 ವಾಟ್ ಮಾತ್ರ. ಎರಡು ಮೀಟರಿನಲ್ಲಿ ಈ ಲೆಕ್ಕ ಕರಾರುವಾಕ್ಕಾಗಿ ನಿಲ್ಲದಿದ್ದರೂ ಮಿತಿ ಮೀರುವುದಂತೂ ಖಚಿತ. ಆಂಟೆನಾದ ಹಿಂಬದಿಯಲ್ಲಿ ಮತ್ತು ನೇರ ಕೆಳಗೆ ಪ್ರಮಾಣ ಬಹಳ ಕಡಿಮೆ; ಕೆಳಗಿನ ಮಹಡಿಯವರು ನೆಮ್ಮದಿಯಿಂದಿರಬಹುದು.

ಉತ್ತರ 2

ಪ್ರಸಾರ ಕೇಂದ್ರಗಳಲ್ಲಿ ಕೆಲಸ ಮಾಡಿದವನಾಗಿ ಒಂದು ಮಾತು ಸೇರಿಸುತ್ತೇನೆ. ಮೀಡಿಯಂ ವೇವ್ ಮಾಸ್ಟ್‌ನ (ರೇಡಿಯೋ ಪ್ರಸಾರದ ಎತ್ತರದ ಕಂಬ) ಸಮೀಪದ ಕಟ್ಟಡಗಳಲ್ಲಿ ಪಟ್ಟಿಯೇ ಆಂಟೆನಾದಂತೆ ವರ್ತಿಸಬಲ್ಲದು, ಏಕೆಂದರೆ 1 ಮೆಗಾಹರ್ಟ್ಸ್ ತರಂಗದ ಉದ್ದ 300 ಮೀಟರ್. ಎತ್ತರದ ಕಟ್ಟಡದ ಪಟ್ಟಿ ಅದರ ಗಣನೀಯ ಭಾಗವಾಗುತ್ತದೆ. ಅರ್ಥಿಂಗ್ ಪರೀಕ್ಷಿಸಲು ತಳದ ಟೆಸ್ಟ್ ಜಾಯಿಂಟ್ (ಪಟ್ಟಿಯನ್ನು ಭೂಸಂಪರ್ಕದಿಂದ ಬೇರ್ಪಡಿಸಬಹುದಾದ ಜೋಡಣೆ) ಬಿಚ್ಚಿದ ಕ್ಷಣ, ನೆಲಕ್ಕೆ ಹರಿಯುತ್ತಿದ್ದ ಪ್ರವಾಹಕ್ಕೆ ದಾರಿ ತಪ್ಪಿ, ಬಿಚ್ಚಿದ ಎರಡು ತುದಿಗಳ ನಡುವೆ ವೋಲ್ಟೇಜ್ ಏರುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಬೆರಳ ತುದಿ ಸುಡುತ್ತದೆ. ಸಣ್ಣ ಚುಕ್ಕೆಯಂತೆ ಕಂಡರೂ ಗಾಯ ಆಳವಾಗಿರಬಹುದು. ನಿಮ್ಮ ಟವರಿಗೆ ಇದು ಅನ್ವಯಿಸದು.

ಪ್ರಶ್ನೆ ಕೇಳಿದವರು

ಹಾಗಾದರೆ ಕ್ಲ್ಯಾಂಪ್ ಬಿಗಿ ಮಾಡುವ ಹೊತ್ತಿಗೆ ಟವರಿನ ಮೇನ್ ಸ್ವಿಚ್ ಆರಿಸಿದರೆ ಸಾಕೇ?

ಉತ್ತರ 1

ಸಾಲದು. ಕರೆಂಟ್ ಹೋದೊಡನೆ ಬ್ಯಾಟರಿ ಹೊತ್ತುಕೊಳ್ಳುತ್ತದೆ, ಆಂಟೆನಾ ಏನೂ ಆಗದಂತೆ ಪ್ರಸಾರ ಮುಂದುವರಿಸುತ್ತದೆ. ಆ ಸೆಕ್ಟರನ್ನು ಇಂತಿಷ್ಟು ಗಂಟೆ ಸ್ಥಗಿತಗೊಳಿಸಿದ್ದೇವೆಂದು ಕಂಪನಿಯಿಂದ ಲಿಖಿತ ದೃಢೀಕರಣ ಪಡೆಯಿರಿ. ಒಂದೇ ಕಂಬವನ್ನು ಹಲವು ಕಂಪನಿಗಳು ಹಂಚಿಕೊಂಡಿದ್ದರೆ ಪ್ರತಿಯೊಂದರಿಂದಲೂ ಬೇಕು. ಮೋಡ ಕಟ್ಟಿದ ದಿನ ಯಾರನ್ನೂ ಹತ್ತಿಸಬೇಡಿ.