ದುಬೈ ಸುತ್ತಾಟ: ಇಲ್ಲಿಂದಲೇ ದುಡ್ಡು ಕಟ್ಟಬೇಕಾ?

ಹುಬ್ಬಳ್ಳಿ ವಿದ್ಯಾನಗರದ ಅಕ್ಕ ಒಬ್ಬರು ಕೇಳಿದ್ದು: ಡಿಸೆಂಬರ್‌ನಲ್ಲಿ ಅತ್ತೆ, ಮಾವ, ಶಾಲೆಗೆ ಹೋಗುವ ಮಗನ ಜೊತೆ ದುಬೈಗೆ ಹೊರಟಿದ್ದೇವೆ. ವಿಮಾನ, ಹೋಟೆಲ್, ವೀಸಾ ಎಲ್ಲ ಆಗಿದೆ. ಬುರ್ಜ್ ಖಲೀಫಾ, ಡೆಸರ್ಟ್ ಸಫಾರಿ, ಅಬುಧಾಬಿ ಎಲ್ಲದಕ್ಕೂ ಈಗಲೇ ದುಡ್ಡು ಕಟ್ಟಿಬಿಡಿ ಅಂತಾರೆ ಏಜೆಂಟರು. ಕಟ್ಟೋದಾ, ಅಲ್ಲಿ ಹೋದಮೇಲೆ ನೋಡಿಕೊಳ್ಳೋದಾ?

ಧಾರವಾಡದಿಂದ:

ಅಕ್ಕಾರೆ, ಎಲ್ಲದಕ್ಕೂ ಒಟ್ಟಿಗೆ ಕಟ್ಟಬೇಡಿ. ಯಾವುದಕ್ಕೆ ಇಂಥ ಹೊತ್ತಿಗೇ ಬರಬೇಕು ಅನ್ನುವ ಟಿಕೆಟ್ ಇದೆಯೋ ಅದನ್ನು ಮಾತ್ರ ಇಲ್ಲಿಂದ ತೆಗೆಸಿ.

ಬುರ್ಜ್ ಖಲೀಫಾ ಅಂಥದ್ದು. 124, 125ನೇ ಮಹಡಿಗೆ ಹತ್ತಲು ಇಂಥ ದಿನ, ಇಂಥ ಹೊತ್ತು ಅಂತ ಟಿಕೆಟ್ ಕೊಡುತ್ತಾರೆ. ಸೂರ್ಯ ಮುಳುಗುವ ಹೊತ್ತಿನದ್ದಕ್ಕೆ ದರವೂ ಜಾಸ್ತಿ, ಬೇಡಿಕೆಯೂ ಜಾಸ್ತಿ. ಡಿಸೆಂಬರ್ ಅಲ್ಲಿ ಸೀಸನ್ ಬೇರೆ. ಅವರದೇ ವೆಬ್‌ಸೈಟ್‌ನಲ್ಲಿ ದರ ನೋಡಿ, ಆಮೇಲೆ ಏಜೆಂಟರ ದರದ ಜೊತೆ ಹೋಲಿಸಿ. ಮೆಟ್ರೊದಲ್ಲಿ ಹೋಗುವುದಾದರೆ ಸ್ಟೇಷನ್‌ನಿಂದ ದುಬೈ ಮಾಲ್‌ವರೆಗೆ ನಡಿಗೆ ಉದ್ದ ಇದೆ, ಬುರ್ಜ್ ಖಲೀಫಾ ಹತ್ತುವ ಬಾಗಿಲು ಆ ಮಾಲ್‌ನಲ್ಲೇ ಇರುವುದು. ನಡುನಡುವೆ ಚಲಿಸುವ ಪಟ್ಟಿ ಇದ್ದರೂ ಹಿರಿಯರಿಗೆ ಸಮಯ ಹಿಡಿಯುತ್ತದೆ, ಬೇಗ ಹೊರಡಿ.

ಸಫಾರಿಗೆ, ಅಂದರೆ ಮರಳುಗಾಡಿನ ಗಾಡಿ ಸುತ್ತಾಟಕ್ಕೆ ಮಾತ್ರ ಅವಸರ ಬೇಡ. ನಡೆಸುವವರು ಬಹಳ ಮಂದಿ ಇದ್ದಾರೆ. ಹೋಟೆಲಿನವರನ್ನು ಕೇಳಿದರೆ ಮಾರನೇ ದಿನಕ್ಕೇ ಗೊತ್ತುಮಾಡಿಕೊಡುತ್ತಾರೆ. ನನ್ನ ಚಿಂತೆ ದುಡ್ಡಿನದಲ್ಲ, ನಿಮ್ಮ ಮಾವನವರದು. ಮರಳು ಶುರುವಾಗುವ ಕಡೆ ಗಾಡಿ ನಿಲ್ಲಿಸಿ, ಡ್ರೈವರ್ ನಾಲ್ಕೂ ಟೈರಿನ ಗಾಳಿ ಸ್ವಲ್ಪ ಸ್ವಲ್ಪ ಬಿಡುತ್ತಾರೆ, ಚಕ್ರ ಹೂಳಬಾರದು ಅಂತ. ಅಲ್ಲಿಂದ ಮುಂದೆ ದಿಬ್ಬ ಹತ್ತಿಸಿ ಅಡ್ಡಡ್ಡ ಇಳಿಸುತ್ತಾರೆ. ನಮ್ಮ ಅಪ್ಪ ಸೀಟಿನ ಮೇಲಿನ ಹಿಡಿಕೆ ಬಿಡಲೇ ಇಲ್ಲ. ಹಿಂದೆ ಕೂತಿದ್ದ ಹುಡುಗನಿಗೆ ವಾಂತಿಯಾಯಿತು. ಬೆನ್ನು ನೋವು, ಹೃದಯದ ತೊಂದರೆ ಇದ್ದವರಿಗೆ ಇದು ಬೇಡವೇ ಬೇಡ. ದಿಬ್ಬ ಬಿಟ್ಟು ನೇರ ರಾತ್ರಿ ಊಟದ ಕ್ಯಾಂಪಿಗೆ ಕರೆದೊಯ್ಯುವವರೂ ಇದ್ದಾರೆ, ಹಾಗೆ ಬೇಕು ಅಂತ ಮೊದಲೇ ಹೇಳಿ. ಅಲ್ಲಿ ಸಸ್ಯಾಹಾರ ಬೇರೆ ಇಡುತ್ತಾರಾ ಅಂತಲೂ ಮೊದಲೇ ಕೇಳಿಕೊಳ್ಳಿ.

ಗದಗದಿಂದ:

ಅಬುಧಾಬಿ ಬಗ್ಗೆ ಒಂದು ಮಾತು. ಶೇಖ್ ಜಾಯೆದ್ ಮಸೀದಿಗೆ ಪ್ರವೇಶ ಉಚಿತ, ಆದರೆ ಆನ್‌ಲೈನ್‌ನಲ್ಲಿ ಮೊದಲೇ ಹೆಸರು ನೋಂದಾಯಿಸಬೇಕು. ಏಜೆಂಟರು ಪ್ರವೇಶದ ದುಡ್ಡು ಅಂತ ಬರೆದಿದ್ದರೆ ಯಾತರದ್ದು ಅಂತ ಕೇಳಿ. ಗಾಡಿಯದು, ಗೈಡಿನದು ಅಂದರೆ ಸರಿ. ಹೆಣ್ಣುಮಕ್ಕಳು ತಲೆ ಮುಚ್ಚಿಕೊಳ್ಳಬೇಕು, ತೋಳು, ಕಾಲು ಕಾಣಬಾರದು. ಶುಕ್ರವಾರ ನಮಾಜಿನ ಹೊತ್ತಿಗೆ ಹೊರಗಿನವರಿಗೆ ಬಿಡುವುದಿಲ್ಲ.

ಅದೇ ದಾರಿಯಲ್ಲಿ 2024ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಬಿಎಪಿಎಸ್ (ಸ್ವಾಮಿನಾರಾಯಣ ಸಂಸ್ಥೆ) ಹಿಂದೂ ಮಂದಿರ ಇದೆ. ನಮ್ಮವ್ವ ಅಲ್ಲಿ ಕಲ್ಲಿನ ಕೆತ್ತನೆ ಮುಂದೆ ನಿಂತವರು ಕದಲಲೇ ಇಲ್ಲ. ಸೋಮವಾರ ಬಾಗಿಲು ಹಾಕಿರುತ್ತದೆ, ನೆನಪಿರಲಿ. ಇಲ್ಲಿಗೂ ಮೊದಲೇ ನೋಂದಣಿ ಮಾಡಿಸಿ. ಎಷ್ಟೋ ಟೂರ್ ಬಸ್ಸುಗಳು ಮಂದಿರಕ್ಕೆ ನಿಲ್ಲಿಸುವುದೇ ಇಲ್ಲ. ಹಿರಿಯರು ಇರುವುದರಿಂದ ನಾನಾದರೆ ಆ ದಿನಕ್ಕೆ ಇಡೀ ಗಾಡಿಯನ್ನೇ ಮಾತಾಡುತ್ತೇನೆ. ಶೇರಿಂಗ್ ವ್ಯಾನಿನವರು ಒಂದೊಂದೇ ಹೋಟೆಲ್ ಸುತ್ತಿ ಜನರನ್ನು ಹತ್ತಿಸಿಕೊಳ್ಳುವುದರಲ್ಲೇ ಬೆಳಗು ಕಳೆಯುತ್ತದೆ. ಮೂತ್ರಕ್ಕೆ ನಿಲ್ಲಿಸಿ ಅನ್ನಲು ಅತ್ತೆಯವರು ಸಂಕೋಚಪಡುತ್ತಾರೆ.

ಹುಬ್ಬಳ್ಳಿ ಗೋಕುಲ ರಸ್ತೆಯಿಂದ:

ಇಬ್ಬರೂ ಹೇಳಿದ್ದು ಸರಿ. ಇಳಿದ ದಿನಕ್ಕೆ ಮಾತ್ರ ಏನನ್ನೂ ಬುಕ್ ಮಾಡಬೇಡಿ ಅಕ್ಕ. ಇಲ್ಲಿಂದ ರಾತ್ರಿ ರೈಲಿಗೆ ಬೆಂಗಳೂರು, ಅಲ್ಲಿ ವಿಮಾನಕ್ಕೆ ಕಾಯುವುದು, ಮೇಲೆ ನಾಲ್ಕು ತಾಸಿನ ಹಾರಾಟ. ಹಿರಿಯರ ಕಾಲು ಬಾತಿರುತ್ತವೆ. ಸಂಜೆ ಸುಮ್ನೆ ಹಳೇ ದುಬೈನ ಬರ್ ದುಬೈ ಕಡೆ ಹೋಗಿ ಅಬ್ರಾ ದೋಣಿ ಹತ್ತಿ ಕ್ರೀಕ್ (ಊರೊಳಗೆ ಬಂದಿರುವ ಸಮುದ್ರದ ಹಿನ್ನೀರು) ದಾಟಿ ಬನ್ನಿ. ಒಬ್ಬರಿಗೆ ಒಂದೇ ದಿರ್ಹಮ್. ಮೀನಾ ಬಜಾರ್ ಅಲ್ಲೇ ಪಕ್ಕದಲ್ಲಿ, ನಮ್ಮ ಊಟ ಸಿಗುತ್ತದೆ.

ಟಿಕೆಟ್ ತೆಗೆಯುವಾಗ ವಾಪಸಾತಿ ನಿಯಮ ಓದಿ. ಹಿಂದಿನ ದಿನದವರೆಗೆ ರದ್ದು ಮಾಡಿದರೂ ಪೂರ್ತಿ ದುಡ್ಡು ಮರಳುವ ಟಿಕೆಟ್‌ಗಳು ಸಿಗುತ್ತವೆ. ಮಗು, ಮುದುಕರು ಇದ್ದಾಗ ಅದಕ್ಕೆ ನಾಲ್ಕು ಕಾಸು ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಕಾರ್ಡಿನಲ್ಲಿ ವಿದೇಶಿ ವಹಿವಾಟನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಇಲ್ಲೇ ಆನ್ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ಅಲ್ಲಿ ಹೋಗಿ ಕಾರ್ಡಿನಲ್ಲಿ ಬುಕ್ ಮಾಡುವ ಮಾತೇ ಇಲ್ಲ.

ನೀವು ತಲುಪುವ ವಾರ ಯಾವುದು, ಬರೆಯಿರಿ. ಅಬುಧಾಬಿಗೆ ಯಾವ ದಿನ ಇಟ್ಟುಕೊಳ್ಳಬೇಕು ಅಂತ ನೋಡಿ ಹೇಳೋಣ.