ಶಿರಸಿ ಮಳೆಗೆ ಸೆಕೆಂಡ್ ಹ್ಯಾಂಡ್ ಬಾಕ್ಸ್‌ಟರ್: ಇಟ್ಟುಕೊಂಡವರು ಹೇಳಿ

ಪ್ರಶ್ನೆ, ಶಿರಸಿಯಿಂದ:

ಗೋವಾದಲ್ಲಿ 2008ರ ಪೋರ್ಷೆ ಬಾಕ್ಸ್‌ಟರ್ ಒಂದು ಮಾರಾಟಕ್ಕಿದೆ. ಎರಡು ಸೀಟು, ಬಟ್ಟೆಯ ಟಾಪ್, ಎಂಜಿನ್ ಸೀಟಿನ ಹಿಂದೆ ಇರುವ ಸ್ಪೋರ್ಟ್ಸ್ ಕಾರು. 2.7 ಲೀಟರ್ ಎಂಜಿನ್, ಮ್ಯಾನುವಲ್ ಗೇರು, 46 ಸಾವಿರ ಕಿಲೋಮೀಟರ್ ಓಡಿದೆ. ಈ ಸಲ ಅಡಿಕೆ ಕೈ ಹಿಡಿದಿದೆ, ನನಗೆ ಹುಚ್ಚು ಹಿಡಿದಿದೆ. ಮನೆಯಲ್ಲಿ ಇನ್ನೂ ಒಪ್ಪಿಲ್ಲ. "ಐಎಂಎಸ್ ಬೇರಿಂಗ್ ಹೊಸದು ಹಾಕಿಸಿದ್ದೇನೆ, ಎಂಜಿನ್ ಬಿಚ್ಚಲೇ ಇಲ್ಲ, ಎರಡು ದಿನದ ಕೆಲಸ" ಅಂತ ಮಾರುವವರು ಹೇಳುತ್ತಾರೆ. ಈ ಗಾಡಿಯಲ್ಲಿ ಏನೇನು ಕೆಡುತ್ತದೆ, ಕೈಯಿಂದ ಎಷ್ಟು ಹೋಗುತ್ತದೆ?

ಕುಮಟಾದಿಂದ:

ನನ್ನದು ಇದೇ ತಲೆಮಾರಿನ 2007ರ ಗಾಡಿ. ನನ್ನ ಕೈಯಲ್ಲಿ ಇದು ಆರನೇ ಮಳೆಗಾಲ.

ಮೊದಲು ಆ ಬೇರಿಂಗ್ ಮಾತು. ಕ್ರ್ಯಾಂಕಿನಿಂದ ಕ್ಯಾಮ್‌ಗಳಿಗೆ ಓಟ ಕೊಡುವ ನಡುವಿನ ಶಾಫ್ಟ್ ಒಂದಿದೆ, ಐಎಂಎಸ್ ಅಂದರೆ ಅದೇ. ಅದರ ಕ್ಲಚ್ ಕಡೆಯ ತುದಿಯಲ್ಲಿ ಈ ಬೇರಿಂಗ್ ಕೂತಿರುತ್ತದೆ. ಅದು ಪುಡಿಯಾದರೆ ಟೈಮಿಂಗ್ ತಪ್ಪಿ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ, ಎಂಜಿನ್ನೇ ಹೋಯಿತು. ಅಮೆರಿಕದಲ್ಲಿ ಇದರ ಮೇಲೆ ಕೇಸಾಗಿ 2013ರಲ್ಲಿ ರಾಜಿಯಾಯಿತು. ಅದು 2001ರಿಂದ 2005ರ ಮಾಡೆಲ್‌ಗಳ ವಿಷಯ. ನೀವು ನೋಡುತ್ತಿರುವ 2008ರ ಎಂಜಿನ್ನಿನಲ್ಲಿ ಬೇರಿಂಗ್ ದೊಡ್ಡದು, ಕೆಡುವುದು ಬಲು ಅಪರೂಪ. ಆದರೆ ಎಂಜಿನ್ನನ್ನು ಎರಡು ಹೋಳು ಮಾಡದೆ ಅದು ಹೊರಗೆ ಬರುವುದೇ ಇಲ್ಲ! "ಬಿಚ್ಚದೆ ಬದಲಿಸಿದೆ" ಎಂದರೆ ಅವರಿಗೆ ಗೊತ್ತಿಲ್ಲ, ಇಲ್ಲವೇ ಸುಮ್ನೆ ಹೇಳುತ್ತಿದ್ದಾರೆ. ಬಿಲ್ ಕೇಳಿ. (2009ರ ಮಾಡೆಲ್‌ನಿಂದ ಬಂದ ಹೊಸ ಎಂಜಿನ್ನಿನಲ್ಲಿ ಈ ಬೇರಿಂಗೇ ಇಲ್ಲ.)

ಎಲ್ಲರೂ ಬೇರಿಂಗ್ ಬೇರಿಂಗ್ ಅಂತಾರೆ. ನನ್ನ ದುಡ್ಡು ತಿಂದಿದ್ದು ಮಾತ್ರ ಎಲೆ ಮತ್ತು ನೀರು.

ಬಟ್ಟೆಯ ಟಾಪ್ ಮಡಚುವ ಜಾಗದ ಎರಡೂ ಬದಿಗೆ ನೀರು ಇಳಿಯುವ ತೂತುಗಳಿವೆ. ಮನೆ ಮುಂದಿನ ಮಾವಿನ ಮರದ ಕೆಳಗೆ ಗಾಡಿ ನಿಲ್ಲಿಸುತ್ತಿದ್ದೆ. ಹೂವು, ಕಸ ಬಿದ್ದು ತೂತು ಕಟ್ಟಿಕೊಂಡಿತು. ಜೂನ್‌ನಲ್ಲಿ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಕಾಲಿಡುವ ಕಡೆ ನೀರು, ಕಾರ್ಪೆಟ್ ಹಿಂಡಿದರೆ ಕೆಸರು. ಸೀಟು ಬಿಚ್ಚಿ ಒಣಗಿಸಲು ಹನ್ನೆರಡು ದಿನ, ವೈರಿಂಗ್ ಕನೆಕ್ಟರ್‌ಗೆ 38 ಸಾವಿರ. ಈಗ ಮೇ ಕೊನೆಗೆ ಸ್ಕೂಟರಿನ ಬ್ರೇಕ್ ಕೇಬಲ್ ತೂರಿಸಿ ನಾನೇ ತೆಗೆಯುತ್ತೇನೆ. ಪೈಸೆ ಖರ್ಚಿಲ್ಲ. ಹಳೆಯ 986 ಮಾಡೆಲ್ ನೋಡುವುದಾದರೆ ಇನ್ನೂ ಹುಷಾರು, ಅದರ ಲಾಕು, ಅಲಾರಂ ನಡೆಸುವ ಕಂಟ್ರೋಲ್ ಮಾಡ್ಯೂಲ್ ಸೀಟಿನ ಅಡಿಯಲ್ಲೇ ಇದೆ.

ಇನ್ನೊಂದು. ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿ. ಡಿಕ್ಕಿ ತೆರೆಯಲು ಕರೆಂಟು ಬೇಕು. ಬ್ಯಾಟರಿ ಸತ್ತರೆ ಏನು ಮಾಡ್ತೀರಿ? ಮಳೆಗಾಲದಲ್ಲಿ ಮೂರು ವಾರ ನಿಲ್ಲಿಸಿದ್ದಾಗ ನನಗೆ ಇದೇ ಆಯಿತು. ಕೀಲಿ ಹಾಕಿ ಬಾಗಿಲು ತೆಗೆದು, ಡ್ಯಾಶ್ ಕೆಳಗಿನ ಫ್ಯೂಸ್ ಡಬ್ಬಿಯಿಂದ ಪ್ಲಸ್ ಪಿನ್ ಎಳೆದು, ಬಾಗಿಲ ಕೊಂಡಿಗೆ ಮೈನಸ್ ಕೊಟ್ಟು ಬೇರೆ ಬ್ಯಾಟರಿಯಿಂದ ತೆರೆಯಬೇಕು. ಕರೆಂಟು ಕೊಟ್ಟ ಕೂಡಲೇ ಅಲಾರಂ ಕೂಗಿತು, ಕೇರಿಯೆಲ್ಲ ಎದ್ದು ಬಂತು. ನಿಲ್ಲಿಸಿದ ಗಾಡಿಯ ಬ್ಯಾಟರಿಗೆ ಸಣ್ಣಗೆ ಚಾರ್ಜ್ ಕೊಡುತ್ತಿರುವ ಟ್ರಿಕಲ್ ಚಾರ್ಜರ್ ಒಂದು ತಗೊಳ್ಳಿ.

ಕಾರವಾರದಿಂದ:

ಎಲೆ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ಮುಂದಿನ ಬಂಪರಿನ ಎರಡು ಕಿಂಡಿಗಳ ಹಿಂದೆ ರೇಡಿಯೇಟರ್, ಅದರ ಮುಂದೆ ಎಸಿ ಕಂಡೆನ್ಸರ್. ನಾನು ಬೀಚ್ ಕಡೆ ಗಾಳಿಮರದ ಕೆಳಗೆ ನಿಲ್ಲಿಸುತ್ತಿದ್ದವನು. ಗಾಳಿಮರದ ಸೂಜಿ ಎಲೆ ಆ ಕಿಂಡಿಗೆ ಹೇಳಿ ಮಾಡಿಸಿದ ಹಾಗೆ ಹೊಕ್ಕುತ್ತದೆ. ಒದ್ದೆ ಎಲೆ, ಮೇಲೆ ಸಮುದ್ರದ ಉಪ್ಪು. ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರಿತ್ತು. ಎರಡೂ ಕಂಡೆನ್ಸರ್, ಒಂದು ರೇಡಿಯೇಟರ್, ಗ್ಯಾಸ್, ಕೂಲಿ ಸೇರಿ 1 ಲಕ್ಷ 45 ಸಾವಿರ ಆಯಿತು. ಬಂಪರ್ ಬಿಚ್ಚಿ ತೊಳೆಸಲು ವರ್ಷಕ್ಕೆ ಎರಡು ಸಾವಿರ ಕೊಟ್ಟಿದ್ದರೆ ಮುಗಿಯುತ್ತಿತ್ತು. ಗೋವಾ ಗಾಡಿ ಅಂತೀರಿ, ಟಾರ್ಚ್ ಹಿಡಿದು ನೋಡಿ.

ಶಿರಸಿಯಿಂದ, ಗ್ಯಾರೇಜಿನವರು:

ಇಂಥ ಎರಡು ಗಾಡಿ ನಮ್ಮಲ್ಲಿಗೆ ಬಂದಿವೆ. ಆಯಿಲ್, ಬ್ರೇಕ್ ಪ್ಯಾಡ್ ನಾವೇ ಮಾಡಿದೆವು. ಆಯಿಲ್ ಸುಮಾರು 8 ಲೀಟರ್ ಬೇಕು, ಸಾಮಾನ್ಯ ಕಾರಿನ ಎರಡರಷ್ಟು. ಕ್ಲಚ್ ಆದರೆ ನಮ್ಮ ಕೈಲಿ ಆಗಲ್ಲ, ಗೇರ್‌ಬಾಕ್ಸ್ ಇಳಿಸಬೇಕು. ಒಬ್ಬರು ಹೊರಗೆ ಮಾಡಿಸಿ ಫ್ಲೈವೀಲ್ ಸೇರಿ 2 ಲಕ್ಷ 30 ಸಾವಿರ ಕೊಟ್ಟರು. ಇಳಿಸಿದಾಗಲೇ ಕ್ರ್ಯಾಂಕಿನ ಹಿಂದಿನ ಸೀಲ್ ಹೊಸದು ಹಾಕಿಸಿ, ಅಲ್ಲಿಂದ ಆಯಿಲ್ ಜಿನುಗುವುದು ಜಾಸ್ತಿ.

ಸ್ಟಾರ್ಟ್ ಮಾಡುವಾಗ ಒಂದು ಉಸಿರು ಹೊಗೆ ಬಂದರೆ ಹೆದರಬೇಡಿ. ಎಂಜಿನ್ನಿನ ಸಿಲಿಂಡರ್‌ಗಳು ಅಡ್ಡ ಮಲಗಿರುವುದರಿಂದ ಹಾಗಾಗುತ್ತದೆ. ಬಿಳಿ ಹೊಗೆ ಮೋಡದಂತೆ ಬರುತ್ತಲೇ ಇದ್ದರೆ, ಎಂಜಿನ್ನಿನ ಗಾಳಿಯಿಂದ ಆಯಿಲ್ ಬೇರ್ಪಡಿಸುವ ಏರ್ ಆಯಿಲ್ ಸೆಪರೇಟರ್ ಹೋಗಿದೆ. ಹಿಂದಿನ ಡಿಕ್ಕಿಯಲ್ಲಿ ಕಾರ್ಪೆಟ್ ಎತ್ತಿ ಕೈ ಆಡಿಸಿ. ಸಿಹಿ ವಾಸನೆ, ಅಂಟು ಇದ್ದರೆ ಕೂಲಂಟ್ ಟ್ಯಾಂಕ್ ಸೀಳಿದೆ.

ಹೊನ್ನಾವರದಿಂದ:

ಕಾಗದ ಮರೆಯಬೇಡಿ. 2008ರ ಗಾಡಿಗೆ 15 ವರ್ಷ ಮುಗಿದಿದೆ. ಆರ್‌ಸಿ ನವೀಕರಣ ಆಗಿದೆಯಾ ಕೇಳಿ. ಆಮದು ಕಾರಿಗೆ 2022ರ ಏಪ್ರಿಲ್‌ನಿಂದ ಆ ಶುಲ್ಕವೇ 40 ಸಾವಿರ. ಆಮೇಲೆ ಎನ್‌ಒಸಿ, ಕರ್ನಾಟಕದ ತೆರಿಗೆ. ಶಿರಸಿಯ ಕೆಎ 31 ನಂಬರ್ ಬೋರ್ಡ್ ಬೀಳುವವರೆಗೆ ಅಡ್ವಾನ್ಸ್ ಬಿಟ್ಟು ಪೂರ್ತಿ ದುಡ್ಡು ಕೊಡಬೇಡಿ ಮಾರಾಯ್ರೆ.

ಕುಮಟಾದಿಂದ, ಮತ್ತೆ:

ಒಂದು ಬಿಟ್ಟುಹೋಯಿತು. ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಅದರ ರಿಪೋರ್ಟ್ ತೆಗೆಸಿ. ಎಂಜಿನ್ ಎಷ್ಟು ಗಂಟೆ ಓಡಿದೆ, ತಪ್ಪು ಗೇರಿಗೆ ಹಾಕಿ ಎಷ್ಟು ಸಲ ಅತಿಯಾಗಿ ತಿರುಗಿಸಿದ್ದಾರೆ, ಎಲ್ಲ ಅದರಲ್ಲಿರುತ್ತದೆ. ಗಂಟೆಗೂ ಕಿಲೋಮೀಟರಿಗೂ ತಾಳೆ ಬರದಿದ್ದರೆ ಎದ್ದು ಬನ್ನಿ. 2.7 ನೋಡಿದ್ದು ಒಳ್ಳೆಯದಾಯಿತು. 3.4 ಲೀಟರಿನ ಬಾಕ್ಸ್‌ಟರ್ ಎಸ್ ಗಾಡಿಯಲ್ಲಿ ಸಿಲಿಂಡರ್ ಗೀರು ಬೀಳುವ ಭಯ ಹೆಚ್ಚು, ಅದಕ್ಕೆ ಒಳಗೆ ಕ್ಯಾಮೆರಾ ಇಳಿಸಿಯೇ ನೋಡಬೇಕು. ಗಾಡಿ ದುಡ್ಡಿನ ಜೊತೆ ಮೂರು ಲಕ್ಷ ಬೇರೆ ತೆಗೆದಿಡಿ. ಅಷ್ಟಿಲ್ಲದಿದ್ದರೆ ಈ ವರ್ಷ ಬೇಡ.

ಪ್ರಶ್ನೆ ಕೇಳಿದವರು:

ನಿನ್ನೆ ಹೋಗಿ ಬಂದೆ. ಬೇರಿಂಗ್ ಬಿಲ್ ಕೇಳಿದರೆ ಕ್ಲಚ್ ಬಿಲ್ ಕೊಟ್ಟರು, ಹಿಂದಿನ ಸೀಲ್ ಕೂಡ ಅದರಲ್ಲಿದೆ. ಅವರಿಗೆ ಎರಡೂ ಒಂದೇ! ಡಿಕ್ಕಿ ಒಣಗಿತ್ತು. ಟಾರ್ಚ್ ಹಾಕಿದರೆ ಎಡಗಡೆ ಕಿಂಡಿ ತುಂಬ ಕೊಳೆತ ಎಲೆ, ಎಸಿ ಬಿಸಿ ಗಾಳಿ ಬಿಡುತ್ತದೆ. ಒಂದೂವರೆ ಲಕ್ಷ ಇಳಿಸಿ ಅಂದಿದ್ದೇನೆ. ರಿಪೋರ್ಟ್ ಸೋಮವಾರ ಬರುತ್ತದೆ. ಸದ್ಯ ಮನೆಯ ದಣಪೆ ಹತ್ತಿರ ಕೂತು ಗಾಡಿಯ ತಳ ತಾಗುತ್ತದೋ ಅಂತ ಟೇಪ್ ಹಿಡಿದು ದಿಬ್ಬದ ಎತ್ತರ ಅಳೆಯುತ್ತಿದ್ದೇನೆ. ಮನೆಯವರು ಒಳಗಿನಿಂದಲೇ ನೋಡಿ ನಗುತ್ತಿದ್ದಾರೆ.