ಕೈ ಎತ್ತಿದವರು 31 ಜನ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲೇ ಇರೋದಾ, ಬೆಂಗಳೂರಿಗೆ ವಾಪಸ್ ಹೋಗೋದಾ ಅನ್ನೋ ಈ ಗುಂಪಿನ ಚರ್ಚೆಯನ್ನು ಮೂರು ದಿನದಿಂದ ಓದುತ್ತಿದ್ದೇನೆ. "ಮಕ್ಕಳು ಇಲ್ಲೇ ಬೆಳೆದರೆ ಯಾವಾಗಲೂ ಮೈನಾರಿಟಿ ಆಗೇ ಇರ್ತಾರೆ. ಬೆಂಗಳೂರಿಗೆ ಹೋದರೆ ಆ ತಾಪತ್ರಯ ಇಲ್ಲ" ಅಂತ ಒಬ್ಬ ಅಕ್ಕ ಬರೆದಿದ್ದಾರೆ. ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ನಾವು ನ್ಯೂಜೆರ್ಸಿಯಲ್ಲಿ 11 ವರ್ಷ ಇದ್ದು, ಮೂರು ವರ್ಷದ ಹಿಂದೆ ಬೆಂಗಳೂರಿಗೆ ವಾಪಸ್ ಬಂದವರು. ಶಾಲೆ ಫೀಸು, ಟ್ರಾಫಿಕ್, ನೀರಿನ ಟ್ಯಾಂಕರ್ ಎಲ್ಲದರ ಬಗ್ಗೆ ಬೇರೆಯವರು ಆಗಲೇ ಬರೆದಿದ್ದಾರೆ. ನಾನು ಈ ಮೈನಾರಿಟಿ ಮಾತಿನ ಬಗ್ಗೆ ಮಾತ್ರ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಹೋದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೀಟಿಂಗ್ ಇತ್ತು. ಒಟ್ಟು 44 ಮನೆ. ಕೆಳಗೆ ಪಾರ್ಕಿಂಗ್ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಲಿಫ್ಟ್ ರಿಪೇರಿ, ಮೆಂಟೆನೆನ್ಸ್ ಬಾಕಿ ಎಲ್ಲ ಮುಗಿದ ಮೇಲೆ ಕೊನೆಯ ವಿಷಯ ಬಂತು. ಇನ್ನು ಮೇಲೆ ಯಾರೇ ಮನೆ ಬಾಡಿಗೆಗೆ ಕೊಟ್ಟರೂ "ನಮ್ಮಂಥ ಫ್ಯಾಮಿಲಿ"ಗೆ ಮಾತ್ರ ಕೊಡಬೇಕು. ಅದರ ಅರ್ಥ ಏನು ಅಂತ ಯಾರೂ ಬಿಡಿಸಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಎರಡನೇ ಮಹಡಿಯ ಖಾಲಿ ಮನೆಯನ್ನು ಆ ವಾರ ಒಬ್ಬ ಮುಸ್ಲಿಂ ಹುಡುಗ, ಅವನ ಹೆಂಡತಿ ಬಂದು ನೋಡಿಕೊಂಡು ಹೋಗಿದ್ದರು. ಮನೆ ಅವರಿಗೆ ಹಿಡಿಸಿತ್ತು, ಅಡ್ವಾನ್ಸ್ ಮಾತೂ ಆಗಿತ್ತು.

"ಒಪ್ಪಿಗೆ ಇರೋರು ಕೈ ಎತ್ತಿ" ಅಂದರು. 31 ಕೈ ಎದ್ದವು. ಬೇಡ ಅಂದವರು ನಾವು ನಾಲ್ಕು ಜನ. ಉಳಿದವರು ಸುಮ್ನೆ ಕೂತಿದ್ದರು. ನನ್ನ ಪಕ್ಕದಲ್ಲಿ ಕೆಳಗಿನ ಮನೆಯ ಟೀಚರ್ ಇದ್ದರು. ಕ್ರಿಶ್ಚಿಯನ್ನರು, ರಿಟೈರ್ ಆಗಿದ್ದಾರೆ, ನನ್ನ ಮಗಳಿಗೆ ಗಣಿತ ಹೇಳಿಕೊಡುತ್ತಾರೆ. ಅವರ ಮನೆ ಸ್ವಂತದ್ದು, ಅವರನ್ನು ಅವತ್ತು ಯಾರೂ ಏನೂ ಅನ್ನಲಿಲ್ಲ. ಆದರೆ ಅವರು ಕೈಯಲ್ಲಿದ್ದ ಮೀಟಿಂಗ್ ನೋಟಿಸನ್ನು ಮಡಿಸಿದರು, ಮತ್ತೆ ಮಡಿಸಿದರು, ಇನ್ನು ಮಡಿಸೋಕೆ ಆಗದಷ್ಟು ಚಿಕ್ಕದು ಮಾಡಿ ಮುಷ್ಟಿಯಲ್ಲಿ ಇಟ್ಟುಕೊಂಡರು. ಮೀಟಿಂಗ್ ಮುಗಿಯುವವರೆಗೂ ತಲೆ ಎತ್ತಲಿಲ್ಲ.

"ಡೆಮಾಕ್ರಟಿಕ್ ಆಗಿ ತೀರ್ಮಾನ ಆಯ್ತಲ್ಲ, ಇನ್ನೇನು?" ಅಂದರು ಒಬ್ಬರು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಲೆಕ್ಕದಲ್ಲಿ ಯಾರೂ ಮೋಸ ಮಾಡಿಲ್ಲ. ನಾಲ್ಕಕ್ಕಿಂತ 31 ಜಾಸ್ತಿನೇ. ಆದರೆ ಯೋಚನೆ ಮಾಡಿ. ಲಿಫ್ಟ್ ಯಾವ ಕಂಪನಿಗೆ ಕೊಡೋದು ಅನ್ನೋದರಲ್ಲಿ ನಾನು ಇವತ್ತು ಸೋತರೆ, ನಾಲ್ಕು ಜನರನ್ನು ಒಪ್ಪಿಸಿ ಮುಂದಿನ ವರ್ಷ ಗೆಲ್ಲಬಹುದು. ಟೀಚರ್ ಯಾವ ದೇವರಿಗೆ ಕೈ ಮುಗಿಯುತ್ತಾರೆ ಅನ್ನೋದರ ಮೇಲೆ ಓಟು ಹಾಕಿದರೆ ಅವರು ಪ್ರತಿ ವರ್ಷ ಸೋಲುತ್ತಾರೆ. 1948ರ ನವೆಂಬರ್ 4ರಂದು ಅಂಬೇಡ್ಕರ್ ಅವರು ಸಂವಿಧಾನದ ಕರಡನ್ನು ಸಂವಿಧಾನ ರಚನಾ ಸಭೆಯ ಮುಂದೆ ಇಟ್ಟಾಗ ಹೇಳಿದ್ದು ಇದನ್ನೇ. ನಮ್ಮ ದೇಶದ ಬಹುಮತ ರಾಜಕೀಯ ಬಹುಮತ ಅಲ್ಲ, ಸಮುದಾಯದ ಬಹುಮತ. ಅಲ್ಪಸಂಖ್ಯಾತರು ತಮ್ಮ ಇರುವಿಕೆಯನ್ನೇ ಬಹುಸಂಖ್ಯಾತರ ಕೈಗೆ ಒಪ್ಪಿಸಿದ್ದಾರೆ, ಭೇದ ಮಾಡದೆ ಇರುವುದು ಬಹುಸಂಖ್ಯಾತರ ಕರ್ತವ್ಯ ಅಂತ ಅವತ್ತು ಅವರು ಹೇಳಿದರು. ಅದಕ್ಕೇ ಕೆಲವು ಹಕ್ಕುಗಳನ್ನು ಓಟಿನ ಕೈಗೆ ಸಿಗದ ಹಾಗೆ ಮೇಲೆ ಎತ್ತಿಟ್ಟಿರೋದು.

ನಿದ್ದೆ ಬರದೆ ಮಲಗಿದ್ದಾಗ ನನಗೆ ನೆನಪಾಗಿದ್ದು ನ್ಯೂಜೆರ್ಸಿಯ ನಮ್ಮ ಮೊದಲ ಅಪಾರ್ಟ್‌ಮೆಂಟಿನ ಆಫೀಸು. ಗೋಡೆ ಮೇಲೆ ಒಂದು ಚಿಕ್ಕ ಚಿತ್ರ ಇತ್ತು. ಮನೆಯ ಆಕಾರ, ಒಳಗೆ ಎರಡು ಅಡ್ಡ ಗೆರೆ, ಲೆಕ್ಕದಲ್ಲಿ ಬರೆಯುವ ಸಮ ಚಿಹ್ನೆ. ನೀವೂ ನೋಡಿರುತ್ತೀರಿ. ಅಷ್ಟು ವರ್ಷ ಬಾಡಿಗೆ ಚೆಕ್ ಕೊಡೋಕೆ ಹೋದಾಗೆಲ್ಲ ಅದರ ಮುಂದೆ ನಿಂತಿದ್ದೇನೆ, ಅದೇನು ಅಂತ ಒಂದು ದಿನವೂ ಕೇಳಲಿಲ್ಲ. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಗಿ ಒಂದೇ ವಾರಕ್ಕೆ ಸಹಿ ಆದ ಫೇರ್ ಹೌಸಿಂಗ್ ಆಕ್ಟ್ ಅನ್ನೋ ಕಾನೂನಿನ ಗುರುತು ಅದು. ಬಣ್ಣ, ಧರ್ಮ, ಯಾವ ದೇಶದಿಂದ ಬಂದವರು ಅಂತ ನೋಡಿ ಮನೆ ಇಲ್ಲ ಅನ್ನುವಂತಿಲ್ಲ. 1988ರಲ್ಲಿ ಅದಕ್ಕೆ ಇನ್ನೊಂದು ಸೇರಿತು. ಮಕ್ಕಳಿದ್ದಾರೆ ಅಂತಲೂ ಇಲ್ಲ ಅನ್ನುವಂತಿಲ್ಲ. ಅಲ್ಲೂ ಭೇದ ಮಾಡುವವರು ಇದ್ದಾರೆ. ಆದರೆ ಹೋಗಿ ದೂರು ಕೊಡೋಕೆ ಒಂದು ಬಾಗಿಲಿದೆ. ಬೆಂಗಳೂರಿನ ಆ ಹುಡುಗ, ಅವನ ಹೆಂಡತಿ ಎಲ್ಲಿಗೆ ಹೋಗಬೇಕು? ನಮ್ಮ 15ನೇ ವಿಧಿ ಅಂಗಡಿ, ಹೋಟೆಲ್, ಬಾವಿ, ಕೆರೆಗಳ ಹೆಸರು ಹಿಡಿದು ಹೇಳುತ್ತದೆ. ಬಾಡಿಗೆ ಮನೆಗೆ ಅಲ್ಲಿರುವಂಥ ಒಂದು ಕಾನೂನು ಇಡೀ ದೇಶಕ್ಕೆ ಇಲ್ಲ. ಇರಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಭಾನುವಾರದ ಕನ್ನಡ ಕ್ಲಾಸಿನ ವಿಷಯಕ್ಕೆ ಬರುತ್ತೇನೆ. ಅಮೆರಿಕದಲ್ಲಿರುವ ನೀವೆಲ್ಲ ಮಕ್ಕಳಿಗೆ ಅ ಆ ಇ ಈ ತಿದ್ದಿಸುತ್ತಿದ್ದೀರಲ್ಲ, ಅದರ ಹಿಂದೆಯೂ ಒಂದು ಕೇಸಿದೆ. ಮೊದಲ ಮಹಾಯುದ್ಧ ಆದ ಮೇಲೆ ಜರ್ಮನ್ನರ ಮೇಲೆ ಸಿಟ್ಟು ಇತ್ತು. 1919ರಲ್ಲಿ ನೆಬ್ರಾಸ್ಕ ರಾಜ್ಯ ಒಂದು ಕಾನೂನು ಮಾಡಿತು. ಎಂಟನೇ ಕ್ಲಾಸು ಮುಗಿಸುವ ತನಕ ಶಾಲೆಯಲ್ಲಿ ಮಕ್ಕಳಿಗೆ ಹೊರಗಿನ ಭಾಷೆ ಕಲಿಸುವ ಹಾಗಿಲ್ಲ. ರಾಬರ್ಟ್ ಮೇಯರ್ ಅನ್ನೋ ಮೇಷ್ಟ್ರು ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದೋದು ಕಲಿಸಿದರು ಅಂತ 25 ಡಾಲರ್ ದಂಡ ಹಾಕಿದರು. ಮೇಷ್ಟ್ರು ಬಿಡಲಿಲ್ಲ. 1923ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಸಂವಿಧಾನದ ರಕ್ಷಣೆ ಇಂಗ್ಲಿಷ್ ಮನೆಮಾತಿನವರಿಗೆ ಹೇಗೋ ಬೇರೆ ಭಾಷೆಯವರಿಗೂ ಹಾಗೇ ಅಂತ ಹೇಳಿತು. ಅದೇ ವರ್ಷ ಅದೇ ಕೋರ್ಟ್, ಅಮೆರಿಕದ ಸೈನ್ಯದಲ್ಲಿ ದುಡಿದಿದ್ದ ಭಗತ್ ಸಿಂಗ್ ತಿಂದ್ ಅವರಿಗೆ, ಭಾರತೀಯರು ಬಿಳಿಯರಲ್ಲ, ಪೌರತ್ವ ಇಲ್ಲ ಅಂದಿತ್ತು. ಅದು ಸರಿಯಾಗೋಕೆ 1946ರ ಕಾನೂನು ಬರಬೇಕಾಯಿತು. ಕೋರ್ಟೂ ಎಡವುತ್ತದೆ. ಕಾನೂನು ಬರೆದಿಟ್ಟರೆ ಸಾಲದು, ಹಿಂದೆ ಬಿದ್ದು ಕೇಳುವವರೂ ಬೇಕು.

ಈ ಗುಂಪಿನಲ್ಲಿ ಕಾಸರಗೋಡಿನ ಕನ್ನಡ ಶಾಲೆಗಳ ಸುದ್ದಿ ಬಂದಾಗ ನಾವೆಲ್ಲ ಎಷ್ಟು ಸಂಕಟಪಟ್ಟು ಬರೆಯುತ್ತೇವೆ! 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಅಲ್ಲಿನ ಕನ್ನಡದ ಮಕ್ಕಳ ಕೈಯಲ್ಲಿ ಇರುವುದು ಸಂವಿಧಾನದ 29, 30 ಮತ್ತು 350ಎ ವಿಧಿಗಳು. ತಮ್ಮ ಭಾಷೆ, ಲಿಪಿ ಉಳಿಸಿಕೊಳ್ಳುವ ಹಕ್ಕು, ತಮ್ಮ ಶಾಲೆ ನಡೆಸುವ ಹಕ್ಕು, ಪ್ರಾಥಮಿಕ ಶಾಲೆಯಲ್ಲಿ ತಾಯ್ನುಡಿಯಲ್ಲಿ ಪಾಠಕ್ಕೆ ವ್ಯವಸ್ಥೆ. ಅವೇ ವಿಧಿಗಳು ಬೆಂಗಳೂರಿನ ಉರ್ದು, ತಮಿಳು, ತೆಲುಗು ಮಕ್ಕಳಿಗೂ ಅನ್ವಯಿಸುತ್ತವೆ. ಯಾರು ಅಲ್ಪಸಂಖ್ಯಾತರು ಅನ್ನೋದನ್ನು ರಾಜ್ಯದ ಲೆಕ್ಕದಲ್ಲಿ ನೋಡಬೇಕು ಅಂತ 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರ ಪೀಠ ಹೇಳಿದೆ, ಅದೂ ನಮ್ಮ ಮಣಿಪಾಲದ ಟಿ.ಎಂ.ಎ. ಪೈ ಫೌಂಡೇಶನ್ ಕೇಸಿನಲ್ಲಿ. ಹಾಗಾದರೆ ಅತ್ತಿಬೆಲೆ ದಾಟಿ ಹೊಸೂರಿಗೆ ಕಾಲಿಟ್ಟ ತಕ್ಷಣ ನಾನೇ ಅಲ್ಪಸಂಖ್ಯಾತಳು. ಕಾರಿನಲ್ಲಿ ಐದು ನಿಮಿಷದ ದೂರ ಅಷ್ಟೇ.

"ಎಲ್ಲರಿಗೂ ಒಂದೇ ಕಾನೂನು ಅಂದ ಮೇಲೆ ಇವರಿಗೆ ಬೇರೆ ರಕ್ಷಣೆ ಯಾಕೆ?" ಅಂತ ಒಬ್ಬರು ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ. ಉತ್ತರ ಸ್ಯಾನ್ ಫ್ರಾನ್ಸಿಸ್ಕೋದ ಬಟ್ಟೆ ಒಗೆಯುವ ಅಂಗಡಿಗಳಲ್ಲಿದೆ. ಮರದ ಕಟ್ಟಡದಲ್ಲಿ ಅಂಗಡಿ ನಡೆಸೋಕೆ ಪರ್ಮಿಟ್ ಬೇಕು ಅಂತ ಅಲ್ಲಿ ನಿಯಮ ಇತ್ತು. ಚೀನೀಯರು ಅನ್ನೋ ಪದವೇ ಅದರಲ್ಲಿ ಇರಲಿಲ್ಲ. ಆದರೆ ಅರ್ಜಿ ಹಾಕಿದ ಸುಮಾರು 200 ಚೀನೀಯರಲ್ಲಿ ಒಬ್ಬರಿಗೂ ಪರ್ಮಿಟ್ ಸಿಗಲಿಲ್ಲ. ಬೇರೆಯವರಿಗೆ ಒಬ್ಬರನ್ನು ಬಿಟ್ಟು ಎಲ್ಲರಿಗೂ ಸಿಕ್ಕಿತು. 1886ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಕೇಸು ಹಾಕಿದವರು ಆ ದೇಶದ ಪ್ರಜೆಯೂ ಅಲ್ಲ. ಆದರೂ ಗೆದ್ದರು, ಯಾಕೆಂದರೆ ಅಲ್ಲಿನ ಸಂವಿಧಾನದ 14ನೇ ತಿದ್ದುಪಡಿ "ಯಾವುದೇ ವ್ಯಕ್ತಿ" ಅನ್ನುತ್ತದೆ. ನಮ್ಮ 14ನೇ ವಿಧಿಯಲ್ಲೂ ಅದೇ ಮಾತಿದೆ. ವೀಸಾ ಮೇಲೆ ಇರುವ ನಿಮಗೆ ಆ ಎರಡು ಪದದ ಬೆಲೆ ನಾನು ಹೇಳಬೇಕಾಗಿಲ್ಲ ಅಲ್ವಾ?

ಅಕ್ಕ, ನೀವು ಬೆಂಗಳೂರಿಗೆ ಖಂಡಿತ ಬನ್ನಿ. ಅಜ್ಜಿ ಮನೆ ಹತ್ತಿರ ಬೆಳೆಯೋದು ಮಕ್ಕಳಿಗೆ ದೊಡ್ಡ ಭಾಗ್ಯ, ನನ್ನ ಮಗಳನ್ನು ನೋಡಿ ಹೇಳುತ್ತಿದ್ದೇನೆ. ಆದರೆ ಇಲ್ಲಿ ಕೈ ಎತ್ತುವವರ ಸಾಲಿನಲ್ಲಿ ನಿಮಗೂ ಒಂದು ಕುರ್ಚಿ ಇರುತ್ತದೆ, ಪಕ್ಕದಲ್ಲಿ ಮಕ್ಕಳೂ ಇರುತ್ತಾರೆ.

ಆ ಗೊತ್ತುವಳಿಯನ್ನು ವಾಪಸ್ ತೆಗೆಯಬೇಕು ಅಂತ ನಾವು ಒಂದು ಕಾಗದ ಬರೆದಿದ್ದೇವೆ. ಇಲ್ಲಿಯವರೆಗೆ ಒಂಬತ್ತು ಮನೆಯವರು ಸಹಿ ಹಾಕಿದ್ದಾರೆ. ಟೀಚರ್ ಹತ್ತಿರ ನಾನು ಸಹಿ ಕೇಳಿಲ್ಲ, ಅವರ ಮೇಲೆ ಆ ಭಾರ ಹಾಕೋಕೆ ಮನಸ್ಸು ಬರಲಿಲ್ಲ. ಆ ಹುಡುಗ, ಅವನ ಹೆಂಡತಿ ಬೇರೆ ಕಡೆ ಮನೆ ಹಿಡಿದರಂತೆ. ಎರಡನೇ ಮಹಡಿಯ ಮನೆ ಇನ್ನೂ ಖಾಲಿ ಇದೆ. ಮುಂದಿನ ಮೀಟಿಂಗ್ ಬರುವ ಭಾನುವಾರ ಬೆಳಿಗ್ಗೆ.